ಕಂಪನಿಗಳ ಸಂಶೋಧನಾ ಸಮಸ್ಯೆಗೆ ನಮ್ಮ ಊರಿಂದ ಉತ್ತರ ಕಳಿಸಿದವರು ಯಾರರ ಇದ್ದೀರೇನು?

ಸಾಧನಕೇರಿ_ಕೆಮಿಸ್ಟ್ರಿ, ಧಾರವಾಡ

ಎಲ್ಲಾರಿಗೂ ನಮಸ್ಕಾರ. ನಾನು ಧಾರವಾಡದಾಗ ಎಂ.ಎಸ್ಸಿ. ಕೆಮಿಸ್ಟ್ರಿ ಕೊನೇ ವರ್ಷ ಓದ್ಲಿಕತ್ತೀನಿ. ಇನ್ನೋಸೆಂಟಿವ್, ನೈನ್‌ಸಿಗ್ಮಾ, ಹೀರೋಎಕ್ಸ್ ಇಂಥ ವೇದಿಕೆಗಳ ಬಗ್ಗೆ ನಮ್ಮ ಸೀನಿಯರ್ ಒಬ್ಬರು ಹೇಳಿದ್ರು. ದೊಡ್ಡ ಕಂಪನಿಗಳು ತಮ್ಮ ಲ್ಯಾಬಿನಾಗ ಬಗೆಹರಿಯದ ಸಮಸ್ಯೆ ಅಲ್ಲಿ ಹಾಕ್ತಾವಂತ, ಯಾವ ದೇಶದವರಾದ್ರೂ ಉತ್ತರ ಬರೆದು ಕಳಿಸಬಹುದಂತ, ಕಂಪನಿಗೆ ಒಪ್ಪಿಗಿ ಆದ್ರ ಡಾಲರಿನಾಗ ಬಹುಮಾನ ಅಂತ.

ನಿನ್ನೆ ರಾತ್ರಿ ಕೂತು ನೋಡಿದೆ. ಒಂದು ಸಮಸ್ಯೆ ಮನಸ್ಸಿನಾಗ ಕೂತದ. ಯಾವುದೋ ಪುಡಿ, ಹಸಿ ಹವಾದಾಗ ಹಾಪರಿನೊಳಗ (ಪುಡಿ ಮ್ಯಾಲೆ ತುಂಬಿ ಕೆಳಗಿನ ಬಾಯಿಂದ ಇಳಿಸೋ ತೊಟ್ಟಿ) ಗಂಟು ಕಟ್ಟಿ ಕೆಳಗ ಇಳಿಯಂಗಿಲ್ಲ. ಅದಕ್ಕ ಬ್ಯಾರೆ ರಾಸಾಯನಿಕ ಸೇರಸಂಗಿಲ್ಲ, ಬಿಸಿ ಮಾಡಂಗಿಲ್ಲ. ಕಂಪನಿ ಹೆಸರು ಹಾಕಿಲ್ಲ.

ಇದು ಖರೇ ಇರ್ತದೇನು? ಪಿಎಚ್‌ಡಿ ಇಲ್ಲದವರ ಉತ್ತರ ಓದ್ತಾರೋ ಇಲ್ಲೋ? ನಮ್ಮ ಲ್ಯಾಬಿನಾಗ ದೊಡ್ಡ ಉಪಕರಣ ಏನೂ ಇಲ್ಲ. ಮನ್ಯಾಗ ಎನ್‌ಇಟಿ (ಉಪನ್ಯಾಸಕರ ಅರ್ಹತಾ) ಪರೀಕ್ಷಾದ ತಯಾರಿ ಬಿಟ್ಟು ಇದ್ಯಾಕ ಅಂತಾರ. ಗೊತ್ತಿದ್ದವರು ದಯವಿಟ್ಟು ಹೇಳ್ರಿ.

ಗೋಕುಲರೋಡ್_ಫೌಂಡ್ರಿ, ಹುಬ್ಬಳ್ಳಿ

ತಂಗೀ, ಇದು ಖರೇ ವ್ಯವಹಾರ. ಇನ್ನೋಸೆಂಟಿವ್ ಹುಟ್ಟಿದ್ದು 2001ರಾಗ, ಎಲಿ ಲಿಲ್ಲಿ ಅನ್ನೋ ಅಮೆರಿಕದ ಔಷಧ ಕಂಪನಿಯಿಂದ. ತಮ್ಮ ವಿಜ್ಞಾನಿಗಳ ಕೈಗೆ ಸಿಗದ ಉತ್ತರ ಹೊರಗಿನವರ ಹತ್ರ ಇರಬಹುದು ಅಂತ ಶುರು ಮಾಡಿದ್ರು, ಆಮ್ಯಾಲೆ ಬ್ಯಾರೆ ಕಂಪನಿಗಳಿಗೂ ಬಾಗಲಾ ತೆಗೆದ್ರು. 2020ರಾಗ ಬ್ರಿಟನ್ನಿನ ವಾಝೋಕು ಕಂಪನಿ ಅದನ್ನ ತಗೊಂಡೈತಿ. ಹಳೇ ಹೆಸರಿಲೆ ಹುಡುಕಿದ್ರ ಗಾಬರಿ ಆಗಬ್ಯಾಡ, ಅದ ಇದು.

ನಾನು ಗೋಕುಲ್ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಾಗ ಮೊದಲು ಎರಕದ ಕೆಲಸ, ಈಗ ವಾಲ್ವ್ ಟೆಸ್ಟಿಂಗ್ ಮಾಡಾಂವ. ಡಿಪ್ಲೊಮಾ ಅಷ್ಟ ನಂದು. ಹಿಂಥಾ ವೇದಿಕೆಗೆ ಆಗಾಗ ಬರೆದು ಕಳಿಸೀನಿ. ಹೆಚ್ಚಿನವು ತಿರಸ್ಕಾರ ಆದವು, ಐಡಿಯಾ ಕೇಳಿದ್ದ ಒಂದಕ್ಕ ಸಣ್ಣ ಬಹುಮಾನ ಬಂತು. ಡಿಗ್ರಿ ಯಾರೂ ಕೇಳಲಿಲ್ಲ.

ನೀ ಹೇಳಿದ ಪುಡಿ ಸಮಸ್ಯೆ ಓದಿದ ಕೂಡಲೇ ನನಗ ಒಂದು ಹಳೇ ಪ್ರಸಂಗ ನೆನಪಾತು. ಕೋಲ್ಗೇಟ್‌ನವರಿಗೆ ಫ್ಲೋರೈಡ್ ಪುಡಿಯನ್ನ ಟೂತ್‌ಪೇಸ್ಟ್ ಟ್ಯೂಬಿನೊಳಗ ತುಂಬೋದು ತ್ರಾಸಾಗಿತ್ತು, ಸುತ್ತ ಹವಾದಾಗ ಹಾರತಿತ್ತು. ಅದನ್ನ ಇನ್ನೋಸೆಂಟಿವ್‌ಗೆ ಹಾಕಿದ್ರು. ಕೆನಡಾದಾಗ ಭೌತಶಾಸ್ತ್ರ ಓದಿದ ಒಬ್ಬಾಂವ, ಪುಡಿಗೆ ವಿದ್ಯುತ್ ಚಾರ್ಜ್ ಕೊಡ್ರಿ, ಟ್ಯೂಬಿಗೆ ಅರ್ಥ್ ಕೊಡ್ರಿ, ಪುಡಿ ತಾನ ಹೋಗಿ ಒಳಗ ಕೂಡ್ತೈತಿ ಅಂತ ಬರೆದ. 25,000 ಡಾಲರ್ ಬಂತು. ಕೆಮಿಸ್ಟ್ರಿಯವರ ಮನಿಯೊಳಗ ಇದ್ದ ಸಮಸ್ಯೆಗೆ ಫಿಸಿಕ್ಸ್‌ನಾಂವ ಉತ್ತರ ಕೊಟ್ಟ.

ಇನ್ನೊಂದು. 1989ರಾಗ ಅಲಾಸ್ಕಾದ ಸಮುದ್ರದಾಗ ಎಕ್ಸಾನ್ ವಾಲ್ಡೀಜ್ ಹಡಗಿಂದ ಕಚ್ಚಾ ಎಣ್ಣಿ ಚೆಲ್ಲಿದ್ದು ನಿಮಗ ಗೊತ್ತಿರಬಹುದು. ಅಂಥಲ್ಲಿ ಬಳಿದು ತಂದ ಎಣ್ಣಿ ಆ ಥಂಡ್ಯಾಗ ನೀರಿನ ಕೂಡ ಗಟ್ಟಿ ರಾಡಿ ಆಗಿ ಪಂಪಿಗೆ ಏರಂಗಿಲ್ಲ. 2007ರಾಗ ಇದನ್ನ ಬಗೆಹರಿಸಿದಾಂವ ಎಣ್ಣಿ ಕಂಪನಿಯವ ಅಲ್ಲ. ಕಾಂಕ್ರೀಟ್ ಹಾಕುವಾಗ ಅದು ಗಟ್ಟಿಯಾಗದಂಗ ವೈಬ್ರೇಟರ್ ಇಡೋದನ್ನ ಅವ ಕಣ್ಣಾರೆ ಕಂಡಿದ್ದ. ಅದನ್ನ ಇಲ್ಲಿ ಇಡ್ರಿ ಅಂದ. 20,000 ಡಾಲರ್.

ಇದನ್ನ ಯಾಕ ಇಷ್ಟು ಉದ್ದ ಹೇಳಾಕತ್ತೀನಿ ಅಂದ್ರ, ನಮ್ಮ ಕಡೆ ಇಂಥ ತಿಳುವಳಿಕಿ ಭರ್ತಿ ಐತಿ, ಬರೆಯೋ ಕೈ ಇಲ್ಲ. ನಮ್ಮ ಹಳೇ ಮೋಲ್ಡರ್, ಅಂದ್ರ ಉಸುಕಿನಾಗ ಎರಕದ ಅಚ್ಚು ಮಾಡೋರು, ಒಬ್ಬರದಾರ. ಎರಕದ ಉಸುಕಿನ ಹಸಿ ನೋಡಾಕ ಅವರಿಗೆ ಮೀಟರ್ ಬೇಕಾಗಿಲ್ಲ. ಒಂದು ಮುಷ್ಟಿ ಉಸುಕು ಹಿಡದು ಗಟ್ಟಿ ಒತ್ತತಾರ, ಮುಷ್ಟಿ ಬಿಚ್ಚಿ ಆ ಮುದ್ದಿ ನಡುವ ಮುರೀತಾರ. ಮುರಿದ ಅಂಚು ಚೂಪಾಗಿ ನಿಂತ್ರ ಉಸುಕು ಸರಿ ಐತಿ. ಅಂಚು ಉದುರಿದ್ರ ಒಣಗೈತಿ. ಅಂಗೈಗೆ ಹತ್ತಿದ್ರ ನೀರು ಜಾಸ್ತಿ, ಎರಕದಾಗ ಗ್ಯಾಸ್ ಸಿಕ್ಕೊಂಡು ತೂತು ಬೀಳತೈತಿ. ಪುಡಿ, ಹಸಿ, ಗಂಟು ಇವು ಮೂರೂ ಅವರಿಗೆ ದಿನಾ ಕೈಯಾಗ ಆಡೋ ವಿಷಯ. ನೀ ನೋಡಿದ ಸಮಸ್ಯೆ ಅವರ ಮುಂದ ಇಟ್ರ ಪುಸ್ತಕದಾಗ ಇಲ್ಲದ ಪ್ರಶ್ನೆ ಕೇಳತಾರ. ಆದ್ರ ಅವರಿಗೆ ಇಂಗ್ಲಿಷಿನಾಗ ಆರು ಪುಟ ಬರೆಯಾಕ ಆಗಂಗಿಲ್ಲ. ನಿನಗ ಆಗತೈತಿ. ಕಾಲೇಜಿನವರು, ಕಾರ್ಖಾನಿಯವರು ಒಂದ ಮೇಜಿಗೆ ಕೂಡಬೇಕು ಅನ್ನೋದು ನನ್ನ ಮನಸ್ಸಿನ ಮಾತು.

ವೇದಿಕೆಯೊಳಗ ಹೊರಗ ಕಾಣೋದು ಬರೇ ಸಾರಾಂಶ. ಪೂರ್ತಿ ವಿವರ ನೋಡಬೇಕಂದ್ರ ಕರಾರಿಗೆ ಒಪ್ಪಬೇಕು. ನೀ ಒಪ್ಪಿದ್ದರ ಒಳಗಿನ ವಿವರ ಇಲ್ಲಿ ಹಾಕಬ್ಯಾಡ.

ನವನಗರ_ಪ್ರಶ್ನೆ, ಹುಬ್ಬಳ್ಳಿ

ಗೋಕುಲರೋಡ್ ಅಣ್ಣಾರ ಮ್ಯಾಲೆ ಗೌರವ ಐತಿ, ಆದ್ರ ಈ ಮಾತು ಅರ್ಧ ಆತು. ಗೆದ್ದವರ ಕಥಿ ಎಲ್ಲಾರೂ ಹೇಳತಾರ. ಸೋತವರ ದುಡಿಮಿಗೆ ಕಿಮ್ಮತ್ತು ಯಾರು ಕಟ್ಟತಾರ?

ನೆಟ್‌ಫ್ಲಿಕ್ಸ್ ಸ್ಪರ್ಧಾ ನೋಡ್ರಿ. ಸಿನಿಮಾ ಶಿಫಾರಸಿನ ಲೆಕ್ಕಾಚಾರ ಶೇ. 10ರಷ್ಟು ಸುಧಾರಿಸಿದವರಿಗೆ 10 ಲಕ್ಷ ಡಾಲರ್ ಅಂತ 2006ರಾಗ ಸಾರಿದ್ರು. ಸುಮಾರು ಮೂರು ವರ್ಷ ಜಗತ್ತಿನ ಸಾವಿರಾರು ಮಂದಿ ತಲಿ ಕೆಡಿಸಿಕೊಂಡ್ರು. 2009ರಾಗ ಕೊನೀಗೆ ಎರಡು ತಂಡದ ಅಂಕ ಸರಿಸಮ ಬಂತು. ಒಂದು ತಂಡ 20 ನಿಮಿಷ ತಡ ಮಾಡಿ ಕಳಿಸಿತ್ತು, ಅದಕ್ಕ ಬಿಡಿಗಾಸೂ ಇಲ್ಲ. ಗೆದ್ದ ಆ ಪೂರ್ತಿ ಲೆಕ್ಕಾಚಾರವನ್ನ ಕಂಪನಿ ಹಂಗ ಬಳಸಲೂ ಇಲ್ಲ.

ಕಂಪನಿ ತನ್ನ ಲ್ಯಾಬಿನಾಗ ನೌಕರಿ ಕೊಟ್ರ ತಿಂಗಳ ಪಗಾರ ಕೊಡಬೇಕು, ಪಿಎಫ್ ಕಟ್ಟಬೇಕು. ಇಲ್ಲಿ ಹತ್ತು ಮಂದಿ ದುಡೀತಾರ, ಒಬ್ಬಗ ರೊಕ್ಕ. ಉಳಿದ ಒಂಬತ್ತು ಮಂದಿಯ ಕಾಗದ ಓದಿ ಯಾವ ದಾರಿ ಮುಚ್ಚೈತಿ ಅನ್ನೋದಾದರೂ ಕಂಪನಿಗೆ ಪುಕ್ಕಟೆ ತಿಳೀತದ. ಈ ಹುಡುಗಿ ಮನಿಯವರು ಹೇಳೋದು ಸುಳ್ಳಲ್ಲ. ಪರೀಕ್ಷಾ ಮುಂದ ಇಟ್ಟುಕೊಂಡು ಇದಕ್ಕ ಕೂಡೋದು ಬ್ಯಾಡ ಅನ್ನೋದು ನನ್ನ ಅಭಿಪ್ರಾಯ.

ಕಪ್ಪತಗುಡ್ಡ_ಮೇಷ್ಟ್ರು, ಗದಗ

ಇಬ್ಬರ ಮಾತಿಗೂ ಹೊಂದುವ ಒಂದು ಅಧ್ಯಯನ ಇದೆ. ಹಾರ್ವರ್ಡ್‌ನ ಕರೀಮ್ ಲಖಾನಿ ಮತ್ತು ಸಂಗಡಿಗರು ಇನ್ನೋಸೆಂಟಿವ್‌ಗೆ 26 ಕಂಪನಿಗಳು ಹಾಕಿದ್ದ 166 ಸಮಸ್ಯೆಗಳನ್ನು ತೆಗೆದುಕೊಂಡು ನೋಡಿದರು. ಕಂಪನಿಯ ಒಳಗೆ ಬಗೆಹರಿಯದೆ ಉಳಿದಿದ್ದ ಈ ಸಮಸ್ಯೆಗಳಲ್ಲಿ 49ಕ್ಕೆ ಹೊರಗಿನವರಿಂದ ಪರಿಹಾರ ಸಿಕ್ಕಿತು. ಅಂದರೆ ಹೆಚ್ಚುಕಡಿಮೆ ಶೇ. 30. ಒಂದೊಂದು ಸಮಸ್ಯೆಯ ವಿವರವನ್ನು ಸರಾಸರಿ 240 ಮಂದಿ ತೆರೆದು ನೋಡಿದ್ದರು, ಉತ್ತರ ಕಳಿಸಿದವರು ಹತ್ತು ಮಂದಿ. ನವನಗರದವರು ಹೇಳಿದ ಹತ್ತಕ್ಕೊಂದು ಲೆಕ್ಕ ದೂರದ್ದೇನಲ್ಲ. ಮೂರರಲ್ಲಿ ಎರಡು ಸಮಸ್ಯೆಗೆ ಯಾರಿಗೂ ಬಹುಮಾನವೇ ಹೋಗಿಲ್ಲ ಅನ್ನುವುದನ್ನೂ ಅದಕ್ಕೆ ಸೇರಿಸಬೇಕು.

ಆದರೆ ಅದೇ ಅಧ್ಯಯನದಲ್ಲಿ ಗೋಕುಲರೋಡ್ ಅಣ್ಣನವರ ಮಾತಿಗೂ ಬಲ ಇದೆ. ಸಮಸ್ಯೆ ಉತ್ತರ ಬರೆದವರ ಸ್ವಂತ ವಿಷಯದಿಂದ ದೂರವಿದ್ದಷ್ಟೂ ಅವರು ಗೆಲ್ಲುವ ಸಾಧ್ಯತೆ ಹೆಚ್ಚಿತ್ತು. ಗೆದ್ದವರಲ್ಲಿ ಹೆಚ್ಚಿನವರು ಹೊಸದಾಗಿ ಏನನ್ನೂ ಕಂಡುಹಿಡಿದಿರಲಿಲ್ಲ, ಬೇರೆಡೆ ಆಗಲೇ ಮಾಡಿ ನೋಡಿದ್ದನ್ನು ಇಲ್ಲಿಗೆ ಹೊಂದಿಸಿದ್ದರು. 2010ರಲ್ಲಿ ಬಂದ ಮುಂದಿನ ಪ್ರಬಂಧದಲ್ಲಿ ಇನ್ನೊಂದು ಸಂಗತಿ ಇದೆ, ಸಾಧನಕೇರಿ ತಂಗಿ ಗಮನಿಸಬೇಕು: ಉತ್ತರ ಕಳಿಸಿದವರಲ್ಲಿ ಹೆಣ್ಣುಮಕ್ಕಳು ಗಂಡಸರಿಗಿಂತ ಚೆನ್ನಾಗಿ ಗೆದ್ದಿದ್ದರು. ವಿಜ್ಞಾನದ ದೊಡ್ಡ ಕೂಟಗಳಿಂದ ಹೊರಗೆ ಉಳಿದವರು ಸಮಸ್ಯೆಯನ್ನು ಬೇರೆ ದಿಕ್ಕಿನಿಂದ ನೋಡುತ್ತಾರೆ ಅನ್ನುವುದು ಅವರ ವಿವರಣೆ. ಇದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಹಿಂದಿನ ಬೆಂಚಿನ ಹುಡುಗಿಯರು ತಲೆ ಎತ್ತಿ ಕೇಳುತ್ತಾರೆ.

ಇನ್ನು ದುಡಿಮೆಯ ಪ್ರಶ್ನೆ. ಕಂಪನಿಗೆ ಬೇಡ, ದೇಶಕ್ಕೆ ಬೇಕಾದ ಕೆಲಸ ಮಾಡೋಣ ಅನ್ನುವವರಿಗೂ ದಾರಿ ಇತ್ತು, ಇದೆ. ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ 2008ರಲ್ಲಿ ಕ್ಷಯರೋಗದ ಔಷಧಿಗಾಗಿ ಮುಕ್ತ ಸಂಶೋಧನಾ ಯೋಜನೆ ಶುರು ಮಾಡಿತ್ತು. ಕ್ಷಯದ ಬ್ಯಾಕ್ಟೀರಿಯಾದಲ್ಲಿರುವ ಸುಮಾರು 4,000 ಜೀನ್‌ಗಳ ಮಾಹಿತಿಯನ್ನು ದೇಶದ ನೂರಾರು ವಿದ್ಯಾರ್ಥಿಗಳು ಹಂಚಿಕೊಂಡು ಓದಿ, ಹೊಂದಿಸಿ ಕೊಟ್ಟರು. ಬಹುಮಾನದ ಆಸೆಯಿಂದ ಅಲ್ಲ. 2017ರಿಂದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ನಡೆಯುತ್ತಿದೆ. ಅಲ್ಲಿ ಸರ್ಕಾರದ ಇಲಾಖೆಗಳೇ ಸಮಸ್ಯೆ ಹಾಕುತ್ತವೆ.

ನವನಗರ_ಪ್ರಶ್ನೆ

ಮೇಷ್ಟ್ರ, ಅಂಕಿ ಸಂಖ್ಯೆ ಕೊಟ್ಟಿದ್ದಕ್ಕ ಉಪಕಾರ. ಬ್ಯಾರೆ ಕಡೆ ಮಾಡಿ ನೋಡಿದ್ದನ್ನ ಇಲ್ಲಿ ಹೊಂದಸೋದು ಅಂದ್ರ ನನ್ನ ತಕರಾರು ಸ್ವಲ್ಪ ಸಣ್ಣದಾಗತದ. ಮೊದಲಿಂದ ಕಲಿತು ದುಡಿಯೋದು ಬ್ಯಾರೆ, ಗೊತ್ತಿದ್ದದ್ದನ್ನ ಬರೆದು ಕಳಿಸೋದು ಬ್ಯಾರೆ. ಆದ್ರ ಬಹುಮಾನ ಬಂದ್ರ ಆ ಮುದುಕ ಮೋಲ್ಡರ್‌ಗೆ ಎಷ್ಟು, ಇಂಗ್ಲಿಷ್ ಬರೆದವರಿಗೆ ಎಷ್ಟು? ಇದನ್ನ ಮೊದಲ ಬರೆದು ಇಡದಿದ್ರ ಮತ್ತ ಅದ ಹಳೇ ಕಥಿ ಆಗತದ.

ಗೋಕುಲರೋಡ್_ಫೌಂಡ್ರಿ

ಈ ಮಾತು ನೂರಕ್ಕ ನೂರು ಒಪ್ಪತೀನಿ. ತಂಡವಾಗಿ ಕಳಿಸಾಕ ಅವಕಾಶ ಐತಿ. ಅವರ ಹೆಸರು ಮೊದಲು ಬರಬೇಕು, ಪಾಲು ಎಷ್ಟು ಅನ್ನೋದು ಕಳಿಸೋಕಿಂತ ಮುಂಚೆ ಕಾಗದದ ಮ್ಯಾಲೆ ಇರಬೇಕು. ಕೇಳಿ ತಿಳಕೊಂಡು ತಮ್ಮದೊಂದ ಹೆಸರಿಲೆ ಕಳಿಸಿದವರನ್ನ ನಾ ನೋಡೀನಿ. ಆ ನೋವು ಬ್ಯಾರೆಯವರಿಗೆ ಆಗಬಾರದು.

ಕೇಶ್ವಾಪುರ_ಪೇಟೆಂಟ್, ಬೆಂಗಳೂರು

ಮನೆ ಕೇಶ್ವಾಪುರ, ಕೆಲಸ ಬೆಂಗಳೂರಿನಲ್ಲಿ, ಪೇಟೆಂಟ್ ಅರ್ಜಿ ಬರೆಯುವುದು. ಹಕ್ಕಿನ ವಿಷಯ ಇನ್ನೂ ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಈ ವೇದಿಕೆಗಳಲ್ಲಿ ಸಮಸ್ಯೆಗಳು ಒಂದೇ ಥರ ಇರುವುದಿಲ್ಲ. ಬರೀ ಐಡಿಯಾ ಕೇಳುವವು ಇರುತ್ತವೆ. ಬಹುಮಾನ ಚಿಕ್ಕದು, ಸಾಮಾನ್ಯವಾಗಿ ಹಕ್ಕನ್ನು ಪೂರ್ತಿ ಬಿಟ್ಟುಕೊಡಬೇಕಿಲ್ಲ, ಬಳಸಿಕೊಳ್ಳಲು ಅನುಮತಿ ಕೊಟ್ಟರೆ ಸಾಕು. ಕಾಗದದ ಮೇಲೆ ಪೂರ್ತಿ ಪರಿಹಾರ ಕೇಳುವವು ಇನ್ನೊಂದು ಬಗೆ. ಬಹುಮಾನ ಒಪ್ಪಿಕೊಂಡರೆ ಹಕ್ಕು ಸಾಧಾರಣವಾಗಿ ಕಂಪನಿಗೆ ಹೋಗುತ್ತದೆ. ಮೂರನೆಯದರಲ್ಲಿ ಪ್ರಯೋಗ ಮಾಡಿ ಫಲಿತಾಂಶ ತೋರಿಸಬೇಕು, ಕೆಲವೊಮ್ಮೆ ಮಾದರಿಯನ್ನೂ ಕಳಿಸಬೇಕು. ಲ್ಯಾಬ್ ಇಲ್ಲದ ವಿದ್ಯಾರ್ಥಿಗೆ ಮೊದಲ ಎರಡೇ ಸರಿ. ಬಹುಮಾನ ಸಿಗದ ಉತ್ತರದ ಹಕ್ಕು ಬರೆದವರಲ್ಲೇ ಉಳಿಯಬೇಕು ಅನ್ನುವುದು ಇನ್ನೋಸೆಂಟಿವ್ ಮೊದಲಿನಿಂದ ಇಟ್ಟುಕೊಂಡು ಬಂದ ಪದ್ಧತಿ. ಆದರೆ ಎಲ್ಲ ವೇದಿಕೆಗೂ ಅದೇ ನಿಯಮ ಅಂದುಕೊಳ್ಳಬೇಡಿ. ಪ್ರತಿ ಸಮಸ್ಯೆಯ ಕೆಳಗಿನ ಕರಾರು ಓದಿ. ಬೇಸರದ ಓದು ನಿಜ, ಬಿಡುವ ಹಾಗಿಲ್ಲ.

ನಮ್ಮ ಕಾನೂನಿನದು ಒಂದು ಮಾತು. 1970ರ ಪೇಟೆಂಟ್ ಕಾಯ್ದೆಯ 39ನೇ ಕಲಮಿನ ಪ್ರಕಾರ, ಭಾರತದಲ್ಲಿ ವಾಸವಿರುವವರು ಮಾಡಿದ ಆವಿಷ್ಕಾರಕ್ಕೆ ನೇರವಾಗಿ ಹೊರದೇಶದಲ್ಲಿ ಪೇಟೆಂಟ್ ಅರ್ಜಿ ಹಾಕುವಂತಿಲ್ಲ. ಪೇಟೆಂಟ್ ಕಚೇರಿಯ ಅನುಮತಿ ಬೇಕು, ಇಲ್ಲವೇ ಮೊದಲು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು. ನೀವು ಗೆದ್ದಮೇಲೆ ಕಂಪನಿ ಅವಸರ ಮಾಡಿದರೆ, ನಾನು ಧಾರವಾಡದಲ್ಲಿ ಕೂತು ಮಾಡಿದ್ದು ಅಂತ ಬರವಣಿಗೆಯಲ್ಲಿ ತಿಳಿಸಿಬಿಡಿ.

ಕಾಲೇಜಿನ ಲ್ಯಾಬಿನಲ್ಲಿ ಪ್ರಯೋಗ ಮಾಡಿದರೆ ಕಾಲೇಜಿಗೂ ಹಕ್ಕು ಇರಬಹುದು. ಗೈಡ್ ಹತ್ತಿರ ಮೊದಲೇ ಕೇಳಿ. ಬಹುಮಾನ ಅಮೆರಿಕದಿಂದ ಬರುವುದಾದರೆ ಡಬ್ಲ್ಯೂ-8ಬೆನ್ ಅನ್ನುವ ಫಾರ್ಮ್ ತುಂಬಿಸಿಕೊಳ್ಳುತ್ತಾರೆ, ನೀವು ಅಮೆರಿಕದವರಲ್ಲ ಅಂತ ಅಲ್ಲಿನ ತೆರಿಗೆಗಾಗಿ ತಿಳಿಸುವುದು ಅದು, ಹೆದರಬೇಡಿ. ಇಲ್ಲಿನ ತೆರಿಗೆಗೆ ಒಬ್ಬ ಸಿಎ ಹತ್ತಿರ ಕೂತರೆ ಅರ್ಧ ಗಂಟೆಯ ಕೆಲಸ.

ಬ್ಯಾಡಗಿ_ಖಾರ, ಹಾವೇರಿ ಜಿಲ್ಲಾ

ನಮಸ್ಕಾರ್ರೀ. ನಮ್ಮದು ಬ್ಯಾಡಗ್ಯಾಗ ಖಾರಪುಡಿ ಗಿರಣಿ. ಇದನ್ನೆಲ್ಲಾ ಓದಿ ನನಗೊಂದು ಉಲ್ಟಾ ಪ್ರಶ್ನೆ ಹುಟ್ಟೈತಿ. ಅಮೆರಿಕದ ಕಂಪನಿ ಸಮಸ್ಯೆಗೆ ನಾವು ಉತ್ತರ ಕೊಡೋದು ಸರಿ. ನಮ್ಮ ಸಮಸ್ಯೆ ಅಲ್ಲಿ ಹಾಕೋರು ಯಾರು?

ಬ್ಯಾಡಗಿ ಮೆಣಸಿನಕಾಯಿ ಕಿಮ್ಮತ್ತು ಖಾರದ ಮ್ಯಾಲೆ ಅಲ್ಲ, ಬಣ್ಣದ ಮ್ಯಾಲೆ. ಅದರ ಎಣ್ಣಿ ತೆಗೆದು ಅಡಗಿಗೂ ಬಳಸತಾರ, ತುಟಿಗೆ ಹಚ್ಚೋ ಬಣ್ಣಕ್ಕೂ ಬಳಸತಾರ. 2011ರಾಗ ಜಿಐ ಗುರುತು, ಅಂದ್ರ ಇದು ಈ ಭಾಗದ್ದ ಮಾಲು ಅನ್ನೋ ಸರ್ಕಾರದ ಗುರುತು, ಬಂತು. ಆದ್ರ ಬೆಳಕು, ಹವಾ, ಝಳ ಹತ್ತಿದ್ರ ಬಣ್ಣ ಇಳೀತೈತಿ. ಕೋಲ್ಡ್ ಸ್ಟೋರೇಜ್ ಬಾಡಿಗಿ ಕೊಟ್ಟು ಇಡಬೇಕು. ಸಣ್ಣ ರೈತ ಆ ಬಾಡಿಗಿ ಕಟ್ಟಲಾರದ ಸುಗ್ಗ್ಯಾಗ ಬಂದ ದರಕ್ಕ ಮಾರಿ ಹೋಗತಾನ. ಮನ್ಯಾಗ ಇಟ್ಟ ಚೀಲದೊಳಗ ಬಣ್ಣ ಉಳಿಸೋ ಅಗ್ಗದ ಉಪಾಯ ಯಾರರ ಹೇಳಿದ್ರ ಈ ಭಾಗದ ರೈತರಿಗೆ ಎಷ್ಟು ಉಪಕಾರ ಆದೀತು.

ಕಪ್ಪತಗುಡ್ಡ_ಮೇಷ್ಟ್ರು

ಬ್ಯಾಡಗಿ ಅಣ್ಣಾರ, ಈ ಇಡೀ ಮಾತುಕತೆಯಲ್ಲಿ ಬಹಳ ಬೆಲೆಯುಳ್ಳ ಪ್ರಶ್ನೆ ಇದು. ಇಂಥ ವೇದಿಕೆಗೆ ಸಮಸ್ಯೆ ಹಾಕಲು ಕಂಪನಿಗಳು ಬಹುಮಾನದ ಮೇಲೆ ವೇದಿಕೆಯ ಶುಲ್ಕವನ್ನೂ ಕೊಡುತ್ತವೆ, ಒಂದು ಗಿರಣಿಗೆ ಅದು ಆಗದ ಮಾತು. ಆದರೆ ಸಮಸ್ಯೆ ಬರೆಯುವ ಕ್ರಮವನ್ನು ಅಲ್ಲಿಂದ ಕಲಿಯಬಹುದು. ‘ಬಣ್ಣ ಉಳಿಸಿ’ ಅಂದರೆ ಯಾರಿಗೂ ಹಿಡಿತ ಸಿಗುವುದಿಲ್ಲ. ಎಷ್ಟು ತಿಂಗಳು, ಕ್ವಿಂಟಲ್‌ಗೆ ಎಷ್ಟು ಖರ್ಚಿನೊಳಗೆ, ಯಾವ ರಾಸಾಯನಿಕ ಮುಟ್ಟಬಾರದು, ಈಗಾಗಲೇ ಏನೇನು ಮಾಡಿ ನೋಡಿದ್ದೀರಿ, ಅದು ಯಾಕೆ ಕೆಲಸ ಮಾಡಲಿಲ್ಲ, ಬಣ್ಣ ಉಳಿದಿದೆ ಅನ್ನುವುದನ್ನು ಹೇಗೆ ಅಳೆಯುತ್ತೀರಿ. ಇಷ್ಟನ್ನು ಒಂದು ಪುಟದಲ್ಲಿ ಬರೆದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ, ಐಐಟಿಗೆ, ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜುಗಳಿಗೆ ಅದನ್ನೇ ಪ್ರಾಜೆಕ್ಟ್ ಆಗಿ ಕೊಡಬಹುದು. ಪ್ರತಿ ವರ್ಷ ನಮ್ಮ ಮಕ್ಕಳು ಪ್ರಾಜೆಕ್ಟಿಗೆ ವಿಷಯ ಸಿಗದೆ ಹಳೆಯದನ್ನೇ ನಕಲು ಮಾಡುತ್ತಾರೆ. ಆ ಪುಟವನ್ನು ನಿಮ್ಮ ಜೊತೆ ಕೂತು ನಾನು ಬರೆದುಕೊಡುತ್ತೇನೆ.

ಕೇಶ್ವಾಪುರ_ಪೇಟೆಂಟ್

ಒಂದು ಎಚ್ಚರ. ಮೆಣಸಿನಕಾಯಿಯನ್ನು ಮಾಲಾಗಿ ಮಾರುವುದು ಬೇರೆ. ಸಂಶೋಧನೆಗೆ ಅಂತ ಬೀಜ, ಮಣ್ಣಿನ ಸೂಕ್ಷ್ಮಜೀವಿ ಇಂಥವನ್ನು ಹೊರದೇಶದ ಕಂಪನಿಗೆ ಕಳಿಸುವುದು ಬೇರೆ. ಅದಕ್ಕೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ಬರುತ್ತದೆ, ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕಾಗುತ್ತದೆ. ರಾಣೆಬೆನ್ನೂರು ಕಡೆ ಬೀಜೋತ್ಪಾದನೆ ಮಾಡುವವರು ಇದನ್ನು ನೆನಪಿಡಬೇಕು. ವೇದಿಕೆಯವರು ಮಾದರಿ ಕಳಿಸಿ ಅಂದ ಕೂಡಲೇ ಕೊರಿಯರ್ ಮಾಡಿಬಿಡಬೇಡಿ.

ಸಾಧನಕೇರಿ_ಕೆಮಿಸ್ಟ್ರಿ

ಎಲ್ಲಾರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಂಗಿಲ್ಲ. ಇಷ್ಟು ಉತ್ತರ ಬರ್ತಾವ ಅಂತ ಅನ್ಕೊಂಡಿರಲಿಲ್ಲ. ನವನಗರ ಅಣ್ಣಾರ ಮಾತು ಮನಸ್ಸಿಗೆ ತಗೊಂಡೀನಿ, ಎನ್‌ಇಟಿ ಓದು ಬಿಡಂಗಿಲ್ಲ. ಒಂದ ಸಮಸ್ಯೆ, ಐಡಿಯಾ ಕೇಳೋ ಬಗೀದು, ಅಷ್ಟ. ಗೋಕುಲರೋಡ್ ಕಾಕಾ, ನೀವು ಹೇಳಿದ ಮೋಲ್ಡರ್ ಅಜ್ಜಾ ಅವರನ್ನ ಭೆಟ್ಟಿ ಆಗಬಹುದೇನು? ಉತ್ತರ ಹೆಂಗ ಬರೀಬೇಕು ಅನ್ನೋದೂ ಸ್ವಲ್ಪ ಹೇಳ್ರಿ. ಪ್ರಾಕ್ಟಿಕಲ್ ರೆಕಾರ್ಡ್ ಬರೆದಂಗ ಬರೆದ್ರ ನಡೀತದೇನು?

ಗೋಕುಲರೋಡ್_ಫೌಂಡ್ರಿ

ಬಾ ತಂಗೀ, ರವಿವಾರ ಕಾರ್ಖಾನಿ ಬಂದ್ ಇರತೈತಿ, ಅವರೂ ಬರತಾರ. ಮೊದಲ ಒಂದು ಮಾತು ಹೇಳಿ ಇಡತೀನಿ.

ರೆಕಾರ್ಡ್ ಬರೆದಂಗ ಬರೀಬ್ಯಾಡ. ಓದೋರು ಮೊದಲು ಹುಡುಕೋದು ಅವರು ಹಾಕಿದ ಷರತ್ತು. ಬಿಸಿ ಮಾಡಂಗಿಲ್ಲ ಅಂತ ಅವರು ಬರೆದಿದ್ರ, ಸ್ವಲ್ಪ ಬೆಚ್ಚಗ ಮಾಡ್ರಿ ಅನ್ನೋ ಉತ್ತರ ಎಷ್ಟ ಚಲೋ ಇದ್ರೂ ಮೊದಲ ಪುಟಕ್ಕ ಬೀಳತೈತಿ. ನನ್ನ ತಿರಸ್ಕಾರ ಆದ ಕಾಗದಕ್ಕ ಬಂದಿದ್ದೂ ಒಂದ ಸಾಲು, ಷರತ್ತಿಗೆ ಹೊಂದಿಲ್ಲ ಅಂತ. ಒಂದೊಂದು ಷರತ್ತು ಅವರದ ಶಬ್ದದಾಗ ಬರೆದು, ಅದರ ಕೆಳಗ ನಿನ್ನ ಉತ್ತರ ಬರಿ. ಆಮ್ಯಾಲೆ ಇದು ಎಲ್ಲಿ ನಡದೈತಿ ಅನ್ನೋದು: ಯಾವ ಕೆಲಸದಾಗ, ಯಾವ ಪುಡಿಗೆ, ಎಷ್ಟು ಹಸಿಗೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರಿ, ಯಾವ ಸಣ್ಣ ಪ್ರಯೋಗ ಮಾಡಿದ್ರ ಗೊತ್ತಾಗತೈತಿ ಅನ್ನೋದನ್ನ ಅದರ ಪಕ್ಕಕ್ಕ ಬರಿ.

ಮತ್ತ ಹಿಂದ ಯಾರು ಏನು ಮಾಡ್ಯಾರ ಅಂತ ನೋಡಿಕೊಂಡು ಬಾ. ಹಾಪರಿನಿಂದ ಪುಡಿ ಯಾಕ ಇಳಿಯಂಗಿಲ್ಲ ಅನ್ನೋದರ ಮ್ಯಾಲೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಾಗ ಆಂಡ್ರ್ಯೂ ಜೆನಿಕೆ ಅನ್ನೋರು 1964ರಾಗ ದೊಡ್ಡ ಕೆಲಸ ಪ್ರಕಟ ಮಾಡ್ಯಾರ, ಇವತ್ತಿಗೂ ಹಾಪರ್ ಮಾಡೋರು ಅದನ್ನ ಹಿಡಿದ ಹೊಕ್ಕಾರ. ಗ್ವಾಡಿ ಇಳಿಜಾರು ಎಷ್ಟು, ಗ್ವಾಡಿ ಎಷ್ಟು ನುಣುಪು, ಬಾಯಿ ಎಷ್ಟು ಅಗಲ ಅನ್ನೋದು ಕಂಪನಿಯವರು ನೋಡೇ ಇರತಾರ. ಅವರು ನೋಡದ ಇನ್ನೊಂದು ಏನೈತಿ ಅನ್ನೋದ ನಮ್ಮ ಕೆಲಸ.

ಬ್ಯಾಡಗಿ_ಖಾರ

ಅರೇ, ಇದು ನಮ್ಮ ಗಿರಣಿಯ ದಿನದ ಜಗಳ ಐತಿ! ಶ್ರಾವಣದಾಗ ಖಾರಪುಡಿ ಹಾಪರಿನೊಳಗ ಕಮಾನು ಕಟ್ಟಿ ನಿಂತ ಬಿಡತೈತಿ, ಕೆಳಗ ಖಾಲಿ, ಮ್ಯಾಲೆ ತುಂಬಿ. ಹುಡುಗರು ಸುತ್ತಿಗಿಲೆ ಬಡೀತಾರ. ಬಡಿದಷ್ಟೂ ಮತ್ತ ಗಟ್ಟಿ ಆಗತೈತಿ. ನಾವೂ ಇಳಿಜಾರು ಹೆಚ್ಚು ಮಾಡಿ ನೋಡಿದ್ವಿ, ಸ್ಟೀಲ್ ತಗಡು ಹಾಕಿ ನೋಡಿದ್ವಿ. ಕೊನೀಗೆ ನಮ್ಮ ಫಿಟ್ಟರ್ ಒಂದು ಉಪಾಯ ಮಾಡಿದ. ಹಾಪರಿನ ಒಳಗ

ಕೇಶ್ವಾಪುರ_ಪೇಟೆಂಟ್

ಬ್ಯಾಡಗಿ ಅಣ್ಣಾರ, ದಯವಿಟ್ಟು ಮುಂದಿನದನ್ನು ಇಲ್ಲಿ ಬರೆಯಬೇಡಿ. ಎಲ್ಲರೂ ಓದುವ ಜಾಗದಲ್ಲಿ ಹಾಕಿದರೆ ಅದು ಪ್ರಕಟವಾದಂತೆ, ಆಮೇಲೆ ಹೊಸತು ಅಂತ ಹಕ್ಕು ಕೇಳುವುದು ಕಷ್ಟ. ನಿಮ್ಮ ಫಿಟ್ಟರ್ ಮಾಡಿದ್ದರಲ್ಲಿ ನಿಜವಾಗಿಯೂ ಹೊಸದು ಇದ್ದರೆ ಅದು ಅವರದು.

ಬ್ಯಾಡಗಿ_ಖಾರ

ಸರಿ ಸಾಹೇಬ್ರ, ನಿಲ್ಲಿಸಿದೆ. ಫಿಟ್ಟರ್‌ನ ಕರಕೊಂಡು ರವಿವಾರ ನಾನೂ ಹುಬ್ಬಳ್ಳಿಗೆ ಬರತೀನಿ. ತಂಗೀ, ನಮ್ಮ ಪುಡಿ ಒಂದು ಕಿಲೋ ತರತೀನಿ, ಹಸಿ ಅಳೆಯೋ ಸಾಮಾನು ನಿಮ್ಮ ಕಾಲೇಜಿನಾಗ ಐತೇನು?

ಸಾಧನಕೇರಿ_ಕೆಮಿಸ್ಟ್ರಿ

ಓವನ್ ಅದ, ಚಲೋ ತಕ್ಕಡಿ ಅದ. ಒಣಗಿಸೋಕ್ಕಿಂತ ಮೊದಲು ತೂಗಿ, ಒಣಗಿಸಿ ಮತ್ತ ತೂಗಿದ್ರ ಹಸಿ ಎಷ್ಟು ಅಂತ ಗೊತ್ತಾಗತದ. ನೀವು ಪುಡಿ ಗಾಳಿ ಹೋಗದಂಥ ಡಬ್ಬಿಯೊಳಗ ತರ್ರಿ ಅಣ್ಣಾರ, ದಾರ್‍ಯಾಗ ಹಸಿ ಬದಲಾಗಬಾರದು. ಗೈಡ್ ಹತ್ರ ನಾಳೆ ಹೋಗಿ, ಲ್ಯಾಬ್ ಬಳಸಿದ್ರ ಕಾಲೇಜಿನ ನಿಯಮ ಏನು ಅಂತ ಕೇಳಿಕೊಂಡ ಬರ್ತೀನಿ. ಪಾಲಿನ ಕಾಗದಕ್ಕ ನವನಗರ ಅಣ್ಣಾರೂ ಬಂದು ಸಾಕ್ಷಿ ಹಾಕಿದ್ರ ಛಲೋ ಆಗ್ತದ.

ನವನಗರ_ಪ್ರಶ್ನೆ

ಬರತೀನಿ. ಸ್ಟ್ಯಾಂಪ್ ಪೇಪರ್ ನಾನ ತರತೀನಿ.